ಚೌಡನ ಕಾಲು ನೋಡಿದವರು ಯಾರು?

ಒಂದು ಕಾಡಿನಲ್ಲಿ ಚೌಡ ಎಂಬ ನಾಯಿ ಇತ್ತು. ಅದು ಕಾಲು ನೆಕ್ಕುತ್ತಿತ್ತು. ಬೆಳಿಗ್ಗೆ ಎದ್ದು ನೆಕ್ಕುತ್ತಿತ್ತು, ಉಂಡು ನೆಕ್ಕುತ್ತಿತ್ತು, ಯಾರಾದರೂ ಮಾತಾಡಿಸಿದರೆ ಒಂದು ಗಳಿಗೆ ನಿಲ್ಲಿಸಿ ಮತ್ತೆ ನೆಕ್ಕುತ್ತಿತ್ತು. ನೋಡುವವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಕೆಲಸವಿಲ್ಲದ ನಾಯಿಯಾಗಿದ್ದರೆ ನೆಕ್ಕಿಕೊಳ್ಳಲಿ ಬಿಡಿ ಎನ್ನಬಹುದಿತ್ತು. ಆದರೆ ಬಿದಿರು ಮೆಳೆಯ ಕೆಳಗೆ ಚುಕ್ಕಕ್ಕ ಎಂಬ ಕಾಡುಕೋಳಿ ಮರಿ ಮಾಡಿತ್ತು. ಅದು ಕಾಳು ಹುಡುಕಲು ಹೋದಾಗ ಮರಿಗಳನ್ನು ಕಾಯಬೇಕಾದದ್ದು ಇದೇ ಚೌಡ.

"ಲೋ ಚೌಡ, ಆ ಕಾಲು ಬಿಡೋ. ಮರಿಗಳ ಕಡೆ ನೋಡೋ," ಎಂದು ಚುಕ್ಕಕ್ಕ ದಿನವೂ ಗದರುತ್ತಿತ್ತು.

"ಬಿಟ್ಟೆ ಅಕ್ಕ," ಎಂದು ಚೌಡ ಮತ್ತೆ ನೆಕ್ಕುತ್ತಿತ್ತು.

ಬುದ್ಧಿ ಹೇಳುವವರಿಗೆ ಕಾಡಿನಲ್ಲಿ ಬರವೇ? "ಕೆಸರಲ್ಲಿ ಇಟ್ಕೊ. ನಾನು ಇಡ್ತೀನಲ್ಲ," ಎಂದಿತು ಎಮ್ಮೆ. "ನೆಕ್ಕಿದರೆ ತಪ್ಪೇನು? ನಮ್ಮ ಮನೇಲಿ ಎಲ್ಲರೂ ನೆಕ್ತೀವಿ," ಎಂದಿತು ಕಾಡುಬೆಕ್ಕು. "ಚಟ ಅದು. ಎರಡು ಏಟು ಬಿಟ್ಟರೆ ಸರಿಹೋಗುತ್ತೆ," ಎಂದಿತು ಕೋತಿ. ಅದನ್ನೂ ಮರದ ಮೇಲಿಂದಲೇ ಹೇಳಿತು. ಇಳಿದು ಬಂದು ಕಾಲು ನೋಡಲು ಮಾತ್ರ ಅದಕ್ಕೆ ಪುರಸೊತ್ತಿರಲಿಲ್ಲ.

ಕೊನೆಗೆ ನರಿ ಬಂತು. ಚೌಡನ ಕಾಲನ್ನು ಕೈಗೆ ತೆಗೆದುಕೊಂಡಿತು. ಬೆರಳುಗಳನ್ನು ಬಿಡಿಸಿ ಚೆನ್ನಾಗಿ ನೋಡಿತು. ಸಂದಿಯಲ್ಲಿ ಹುಲ್ಲಿನ ಚೂಪು ಬೀಜವೊಂದು ಹೊಕ್ಕು ಕೂತಿತ್ತು. ಸುತ್ತಲೂ ಕೆಂಪಗೆ ಬಾತಿತ್ತು. ನರಿ ಅದನ್ನು ಕಂಡಿತು, ಬೆರಳುಗಳನ್ನು ಮೆಲ್ಲಗೆ ಮುಚ್ಚಿತು.

"ಏನಿಲ್ಲ ತಮ್ಮಾ, ಕಾಲು ಒಣಗಿದೆ. ದಿನಾ ಜೇನು ಹಚ್ತೀನಿ. ನೀನು ನೆಕ್ಕಿದಷ್ಟೂ ಒಳ್ಳೇದು," ಎಂದಿತು.

ಮೊದಲೇ ನೆಕ್ಕುವ ನಾಯಿ, ಅದರ ಕಾಲಿಗೆ ಜೇನು ಬೇರೆ. ಕೇಳಬೇಕೆ? ಚೌಡ ಕಣ್ಣು ಮುಚ್ಚಿ ನೆಕ್ಕುತ್ತಾ ಕೂತಿತು. ನರಿ ಹಿಂದಿನಿಂದ ಹೋಗಿ ಒಂದು ಮರಿಯನ್ನು ಕಚ್ಚಿಕೊಂಡು ನಡೆಯಿತು. ಮರುದಿನ ಮತ್ತೆ ಜೇನು, ಮತ್ತೊಂದು ಮರಿ.

ಚುಕ್ಕಕ್ಕ ಅತ್ತಿತು, ಬೈದಿತು, ಮತ್ತೆ ಅತ್ತಿತು. ಎದುರಿಗೆ ಚೌಡ ಇನ್ನೂ ನೆಕ್ಕುತ್ತಲೇ ಇತ್ತು. ಚುಕ್ಕಕ್ಕನಿಗೆ ರೇಗಿಹೋಯಿತು.

"ಕೊಡೋ ಇಲ್ಲಿ ಆ ಕಾಲು. ಅದರಲ್ಲಿ ಏನು ಅಮೃತ ಸುರೀತಿದೆ ನೋಡೇಬಿಡ್ತೀನಿ," ಎಂದು ಕಾಲನ್ನು ಎಳೆದುಕೊಂಡಿತು. ಬೆರಳ ಸಂದಿಯಲ್ಲಿ ಚೂಪು ಬೀಜ ಕಂಡಿತು. ಕೊಕ್ಕು ತೂರಿಸಿ ಬೀಜವನ್ನು ಕಿತ್ತಿತು. ಕೀವು ಹರಿಯಿತು. ಚೌಡ ಕುಂಯ್ ಎಂದು, ಎಷ್ಟೋ ದಿನಗಳ ಮೇಲೆ ಆ ಕಾಲನ್ನು ನೆಲಕ್ಕೆ ಊರಿ ನಿಂತಿತು.

"ನರಿಯಣ್ಣನೂ ಹೀಗೇ ಬಿಡಿಸಿ ನೋಡಿತ್ತಲ್ಲ ಅಕ್ಕ. ಏನೂ ಇಲ್ಲ ಅಂತು," ಎಂದಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚುಕ್ಕಕ್ಕ ಪೊದೆಯ ಹಿಂದೆ ಸರಿದು ಕೂತಿತು.

ನರಿ ಬಂತು. ಚೌಡ ಎಂದಿನಂತೆ ಕಾಲು ಚಾಚಿತು. ನರಿ ಈ ಸಲ ಬೆರಳು ಬಿಡಿಸುವ ಗೋಜಿಗೂ ಹೋಗದೆ ಜೇನು ಮೆತ್ತಿ, ನೇರವಾಗಿ ಮರಿಗಳತ್ತ ನಡೆಯಿತು. ಚೌಡ ನಾಲ್ಕೂ ಕಾಲಿನಲ್ಲಿ ಹಾರಿ ಅದರ ಹಿಂಗಾಲನ್ನು ಕಚ್ಚಿ ಹಿಡಿಯಿತು.

"ನಾನು ನಿನ್ನ ವೈದ್ಯ ಕಣೋ," ಎಂದು ನರಿ ಅರಚಿತು.

"ಹಾಗಾದರೆ ಮೊದಲ ದಿನ ಕಾಲಲ್ಲಿ ಏನು ಕಂಡೆ, ಹೇಳು ಪಂಡಿತ," ಎಂದು ಚುಕ್ಕಕ್ಕ ಹೊರಗೆ ಬಂತು. ನರಿ ಕೊಸರಿಕೊಂಡು, ಹರಿದ ಕಾಲನ್ನು ಎಳೆದುಕೊಂಡು ಕಾಡು ಬಿಟ್ಟೇ ಓಡಿತು.

"ತಪ್ಪು ನನ್ನದು ಅಕ್ಕ," ಎಂದು ಚೌಡ ತಲೆ ತಗ್ಗಿಸಿತು.

ಚುಕ್ಕಕ್ಕ ಉಳಿದ ಮರಿಗಳನ್ನು ರೆಕ್ಕೆಯ ಕೆಳಗೆ ಎಳೆದುಕೊಂಡಿತು. "ನಿಂದೊಂದೇ ಅಲ್ಲ ಕಣೋ. ನಾನು ದಿನಾ ಬೈದೆ, ಒಂದು ದಿನವೂ ನೋಡಲಿಲ್ಲ. ಇಷ್ಟು ದೊಡ್ಡ ಕಾಡಲ್ಲಿ ನಿನ್ನ ಕಾಲನ್ನು ಮೊದಲು ನೋಡಿದ್ದು ಆ ಕಳ್ಳ ನರಿ."

ನೀತಿ: ಯಾರದೇ ಚಟವನ್ನು ಗದರುವ ಮೊದಲು ಅದರ ಹಿಂದೆ ನೋವಿದೆಯೇ ನೋಡಬೇಕು. ನಮ್ಮವರು ನೋಡದ ನೋವು ವಂಚಕನಿಗೆ ಲಾಭವಾಗುತ್ತದೆ.