ಗವಿರಂಗ ಬಲ್ಬು ಹಚ್ಚಿ ನೋಡಿದ್ದು

ಹತ್ತಿರ ಬನ್ನಿ, ಕೂತ್ಕೊಳ್ಳಿ. ನಗು ಬಂದರೆ ನಗಿ, ನಾನು ಬೇಡ ಅನ್ನಲ್ಲ. ಆದರೆ ಗವಿರಂಗನ ಅವ್ವ ಜುಂಜಮ್ಮ ಈ ಕಡೆ ಬಂದರೆ ಮಾತ್ರ ಬಾಯಿ ಮುಚ್ಚಿಕೊಳ್ಳಿ. ಅವಳ ಕೈಯಲ್ಲಿ ಯಾವಾಗಲೂ ಮೊರ ಇರುತ್ತೆ.

ಕೋಡಿಗುಂಟೆ ಅಂತ ಒಂದೂರು. ಊರಿಗೆ ಒಂದೇ ರಾಗಿ ಮಿಲ್ಲು, ಅದು ಜುಂಜಮ್ಮನದು. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷ ಒಬ್ಬಳೇ ಆ ಮಿಲ್ಲು ನಡೆಸಿದವಳು, ಗಟ್ಟಿಗಿತ್ತಿ. ಅವಳಿಗೆ ಇದ್ದವನು ಒಬ್ಬನೇ ಮಗ, ಗವಿರಂಗ. ಮೀಸೆ ಬಂದಿತ್ತು, ತೋಳು ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದಕ್ಷರ ಬಿಡುತ್ತಿರಲಿಲ್ಲ, ಒಂದಕ್ಷರ ಸೇರಿಸುತ್ತಿರಲಿಲ್ಲ.

"ಹಾಲು ಉಕ್ಕೋದ್ನ ನೋಡ್ತಿರ್ಲಾ" ಅಂದರೆ ನೋಡೋನು. ಉಕ್ಕೋದನ್ನ ನೋಡಿ, ಉಕ್ಕಿ ಒಲೆ ಆರೋದನ್ನೂ ನೋಡಿ, "ನೋಡ್ದೆ ಕಣವ್ವ, ಚೆಂದಾಗಿ ಉಕ್ತು!" ಅನ್ನೋನು. ಜುಂಜಮ್ಮ ಹಣೆ ಚಚ್ಚಿಕೊಳ್ಳೋಳು.

ಒಂದು ಬುಧವಾರ ಮಿಲ್ಲಿನ ಮೋಟಾರು ಕೈ ಕೊಟ್ಟಿತು. ಸ್ವಿಚ್ ಒತ್ತಿದರೆ ಗುಂಯ್ ಅಂತು, ತಿರುಗಲಿಲ್ಲ. ಮತ್ತೆ ಒತ್ತಿದರು. ಗುಂಯ್. ಜುಂಜಮ್ಮ ಬಗ್ಗಿ ನೋಡಿದಳು. ಮೋಟಾರಿನ ಪಕ್ಕದಲ್ಲಿ ಒಂದು ಡಬ್ಬಿ ಇರುತ್ತಲ್ಲ, ಕೆಪಾಸಿಟರ್ ಅಂತ, ಅದು ಹೊಟ್ಟೆ ಊದಿಸಿಕೊಂಡು ಕೂತಿತ್ತು. ಅದು ಒಳಗೆ ಕರೆಂಟು ತುಂಬಿಕೊಂಡು, ಹೊತ್ತಿಗೆ ಸರಿಯಾಗಿ ಬಿಟ್ಟು, ಮೋಟಾರನ್ನ ಹಿಂದಿನಿಂದ ನೂಕುವ ಡಬ್ಬಿ. ಅದು ಕೆಟ್ಟರೆ ಮೋಟಾರು ಏಳಲ್ಲ.

ಜುಂಜಮ್ಮ ಬೆರಳು ಮಡಚಿ ದಿನ ಎಣಿಸಿದಳು. ಯಾಕೆ ಗೊತ್ತೇ? ಭಾನುವಾರ ಊರ ಹಿರೀಕ ಹೊನ್ನಗಂಗಯ್ಯನ ಮಗಳ ಬೀಗರೂಟ. ಮೂರು ಮೂಟೆ ರಾಗಿ ಹಿಟ್ಟಾಗಬೇಕು. ಪಕ್ಕದೂರಲ್ಲಿ ಹೊಸದಾಗಿ ದೊಡ್ಡ ಮಿಲ್ಲು ಬಂದಿತ್ತು. ಹೊನ್ನಗಂಗಯ್ಯ ಖಡಾಖಂಡಿತ ಹೇಳಿದ್ದ: "ಜುಂಜಮ್ಮ, ಶನಿವಾರ ಸಂಜೆಗೆ ಹಿಟ್ಟು ಬಂದ್ರೆ ಊರಿನ ರಾಗಿಯೆಲ್ಲ ನಿನ್ನ ಹತ್ರಾನೇ. ಬರ್ದಿದ್ರೆ, ನಾನು ಅತ್ಲಾಗೆ ಹೋಯ್ತೀನಿ, ಊರು ನನ್ ಹಿಂದೆ ಬತ್ತದೆ." ಹೊನ್ನಗಂಗಯ್ಯ ಹೋದ ಕಡೆ ಊರು ಹೋಗುತ್ತಿದ್ದದ್ದು ನಿಜ.

"ಮಿಲ್ಲು ತಿರುಗ್ಸೇ ತಿರುಗ್ಸ್ತೀನಿ," ಅಂದಳು ಜುಂಜಮ್ಮ. "ಮಗಾ, ಸ್ವಿಚ್ ತೆಗ್ದು ಆ ಡಬ್ಬಿ ಬಿಚ್ಚು!"

"ಹೇಳ್ದಂಗೇ ಮಾಡ್ತೀನಿ ಕಣವ್ವ!" ಅಂದ ಗವಿರಂಗ. ಸ್ವಿಚ್ ತೆಗೆದ. ತೆಗೆದವನೇ ಡಬ್ಬಿಯ ಎರಡು ತುದಿಗೂ ಎರಡು ಕೈ ಹಾಕಿದ. ಫಟೀರ್! ಹೋಗಿ ಹೊಟ್ಟಿನ ಗುಡ್ಡೆ ಮೇಲೆ ಬಿದ್ದ.

"ಅವ್ವಾ, ಕಚ್ತು!"

"ಥೂ ಪೆದ್ದೇ! ಕರೆಂಟು ತೆಗುದ್ರೂ ಅದು ಹೊಟ್ಟೇಲಿ ಹಿಡ್ಕಂಡಿರ್ತದೆ ಕಣ್ಲಾ! ನೋಡಿಲ್ಲಿ." ಜುಂಜಮ್ಮ ಸ್ವಿಚ್ ಒಂದು ಗಳಿಗೆ ಹಾಕಿ ತೆಗೆದಳು. ಎರಡು ತಂತಿ ಕಟ್ಟಿದ ಹಳೆ ಬಲ್ಬೊಂದನ್ನ ತಂದು ತಂತಿಯ ತುದಿಗಳನ್ನ ಡಬ್ಬಿಗೆ ಹಚ್ಚಿದಳು. ಬಲ್ಬು ಫಳಕ್ ಅಂತ ಒಂದು ಸಲ ಉರಿದು ಆರಿತು. "ಉರುದ್ರೆ ತುಂಬೈತೆ, ಉರೀದಿದ್ರೆ ಖಾಲಿ. ತುಂಬಿರೋದ್ನ ಮುಟ್ಟಕ್ ಮುಂಚೆ ಬರಿದು ಮಾಡ್ಬೇಕು, ತಿಳೀತಾ?"

"ತಿಳೀತು ಕಣವ್ವ! ತುಂಬಿರೋದ್ನ ಮುಟ್ಟಕ್ ಮುಂಚೆ ಬರಿದು ಮಾಡ್ಬೇಕು!" ಬಲ್ಬನ್ನ ಉಡಿದಾರಕ್ಕೆ ಕಟ್ಟಿಕೊಂಡ. ಅವತ್ತಿನಿಂದ ಅದು ಅವನ ಸೊಂಟ ಬಿಡಲಿಲ್ಲ.

ಗುರುವಾರ ಬೆಳಗ್ಗೆ ಹೊನ್ನಗಂಗಯ್ಯನ ಗಾಡಿ ಬಂತು. ಮೂರು ಮೂಟೆ ರಾಗಿ, ಬಾಯಿ ಹೊಲಿದ ಭರ್ತಿ ಮೂಟೆ.

"ಗವಿರಂಗ, ಮೂಟೆ ಇಳ್ಸಪ್ಪ!" ಅಂತ ಗಾಡಿಯವನು ಕೂಗಿದ.

ಗವಿರಂಗ ಮೂಟೆ ನೋಡಿದ. ತುಂಬಿದೆ! ಮುಟ್ಟೋದು ಹೇಗೆ? ಕುಡುಗೋಲು ತಂದ. ಮುಟ್ಟದ ಹಾಗೆ, ದೂರದಿಂದ ಕೈ ಚಾಚಿ, ಮೂಟೆಯ ಹೊಟ್ಟೆ ಸರ್ರನೆ ಸೀಳಿದ. ರಾಗಿ ಜರ್ರನೆ ಬೀದಿಗೆ ಇಳಿಯಿತು. ಊರ ಕೋಳಿಗಳೆಲ್ಲ ರೆಕ್ಕೆ ಬಿಚ್ಚಿಕೊಂಡು ಓಡಿ ಬಂದವು.

"ಅಯ್ಯೋ! ಅಯ್ಯಯ್ಯೋ! ಏನ್ಲಾ ಮಾಡ್ದೆ?"

"ಬರಿದು ಮಾಡ್ದೆ ಕಣವ್ವ! ಇನ್ನೂ ಎರಡವೆ!"

ಜುಂಜಮ್ಮ ಕುಡುಗೋಲು ಕಿತ್ತುಕೊಂಡಳು. ಮೊರ ತಂದಳು, ಕೋಳಿ ಅಟ್ಟಿದಳು, ಬೀದಿಯಲ್ಲೇ ಕೂತು ರಾಗಿ ಕೇರೋಕೆ ಶುರು ಮಾಡಿದಳು. ಕಣ್ಣಲ್ಲಿ ನೀರು, ಕೈ ಮಾತ್ರ ನಿಲ್ಲಲಿಲ್ಲ. "ಮೂಟೆ ಬ್ಯಾರೆ, ಡಬ್ಬಿ ಬ್ಯಾರೆ ಕಣೋ ಮುಂಡೇದೆ! ನನಗೀಗ ಎದ್ದು ಬರಕ್ಕಾಗಲ್ಲ. ಪೇಟೆಗೆ ನೀನೇ ಹೋಗು. ಹಳೇ ಡಬ್ಬಿ ಪಕ್ಕದಲ್ಲಿಟ್ಟು ನೋಡಿ ಅದೇ ಗಾತ್ರದ್ದು ತಾ. ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗ್ಬಾರ್ದು!"

"ಹೇಳ್ದಂಗೇ ಮಾಡ್ತೀನಿ ಕಣವ್ವ!"

ಪೇಟೆಯಲ್ಲಿ ಮೋಟಾರು ರಿಪೇರಿ ಇನಾಯತ್ ಸಾಬರು ಒಳ್ಳೆ ಡಬ್ಬಿಯನ್ನೇ ಮುಂದಿಟ್ಟರು. ಗವಿರಂಗ ಹಳೆಯದನ್ನ ಪಕ್ಕಕ್ಕಿಟ್ಟು ನೋಡಿದ. "ಇದು ಸಣ್ಣದು ಸಾಬ್ರೇ, ಬ್ಯಾಡ!"

"ನಿಂದು ಊದಿರೋದಪ್ಪಾ! ಮೊದ್ಲು ಇಷ್ಟೇ ಇತ್ತು!"

"ಕೂದಲೆಳೆ ಹೆಚ್ಚುಕಮ್ಮಿ ಆಗ್ಬಾರ್ದು ಅಂದವ್ಳೆ ಅವ್ವ!" ಅಂದವನೇ ಎದ್ದು ಹೋದ.

ಇಡೀ ಪೇಟೆ ಸುತ್ತಿದ. ಕಾಲು ನೋಯ್ತು, ಬಿಡಲಿಲ್ಲ. ಕೊನೆಗೆ ಗುಜರಿ ಅಂಗಡಿಯಲ್ಲಿ, ಹಳೇ ಮೈಕ್ ಸೆಟ್ಟಿನ ಹೊಟ್ಟೆಯಿಂದ ತೆಗೆದಿಟ್ಟ ಒಂದು ಡಬ್ಬಿ ಸಿಕ್ಕಿತು. ಅಷ್ಟೇ ದಪ್ಪ, ಅಷ್ಟೇ ಉದ್ದ! ಖುಷಿಯೋ ಖುಷಿ. ಅದರ ಮೈಮೇಲೆ ಅರವತ್ತು ವೋಲ್ಟು ಅಂತ ಬರೆದಿತ್ತು. ಓದು ಅಂತ ಯಾರೂ ಹೇಳಿರಲಿಲ್ಲ, ಅವನು ಓದಲಿಲ್ಲ.

ಬಂದ. ತಾನೇ ತಂತಿ ಬಿಗಿದ. ಸ್ವಿಚ್ ಒತ್ತಿದ. ಒಂದು ಗಳಿಗೆ ಸುಯ್ಯ್ ಅಂತು. ಆಮೇಲೆ ಢಮಾರ್! ಡಬ್ಬಿಯ ತಲೆ ಹಾರಿ ಸೂರಿಗೆ ಬಡಿಯಿತು. ಬೆಳ್ಳನೆ ಹೊಗೆ, ಸುಟ್ಟ ವಾಸನೆ, ಕಾಗದದ ಚೂರು. ಓಡಿ ಬಂದ ಜುಂಜಮ್ಮನ ತಲೆ ತುಂಬ ಕಾಗದದ ಚೂರು.

"ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ ಕಣವ್ವ!" ಅಂದ ಗವಿರಂಗ ಹೊಗೆಯೊಳಗಿಂದ.

ಜುಂಜಮ್ಮ ತಲೆ ಕೊಡವಿಕೊಂಡಳು. ಬೇರೆಯವರಾಗಿದ್ದರೆ ಹೊನ್ನಗಂಗಯ್ಯನಿಗೆ ಮೂಟೆ ವಾಪಸು ಕಳಿಸುತ್ತಿದ್ದರು. ಅವಳು ಕಳಿಸಲಿಲ್ಲ. "ಶುಕ್ರವಾರ ಐತೆ, ಶನಿವಾರ ಐತೆ. ಬೆಳಗಾದ್ರೆ ಸಾಬರ ಹತ್ರ ಹೋಗು. ಅವರು ಕೊಟ್ಟದ್ದೇ ತಾ, ಅವರು ಹೇಳಿದ್ದೇ ಕೇಳು!" ಅಂದಳು.

ಶುಕ್ರವಾರ ಸಾಬರು ಅವನು ತಂದ ಸಿಡಿದ ಡಬ್ಬಿಯನ್ನ ತಿರುಗಿಸಿ ನೋಡಿ, ನಿನ್ನೆ ತೋರಿಸಿದ ಸಣ್ಣ ಡಬ್ಬಿಯನ್ನೇ ಅವನ ಕೈಗಿಟ್ಟರು. ಬೆರಳಿಟ್ಟು ತೋರಿಸಿದರು. "ನೋಡಪ್ಪ, ಇಲ್ಲಿ ನಾನೂರ ನಲವತ್ತು ಅಂತ ಬರೆದೈತೆ. ಅಷ್ಟು ವೋಲ್ಟಿನ ತನಕ ಇದು ತಾಳ್ತದೆ. ನೀನು ತಗೊಂಡು ಹೋಗಿದ್ದು ಅರವತ್ತರದ್ದು, ಅದಕ್ಕೆ ಮಿಲ್ಲಿನ ಇನ್ನೂರ ಮೂವತ್ತು ತುಂಬಿದ್ರೆ ಸಿಡೀದೆ ಇನ್ನೇನಾಗ್ತದೆ? ಯಾವುದಕ್ಕೇ ಆಗ್ಲಿ, ಮೈಮೇಲೆ ಬರೆದಿರೋದನ್ನ ಓದು. ಅದಕ್ಕಿಂತ ಹೆಚ್ಚು ತುಂಬಬೇಡ!"

"ತಿಳೀತು ಸಾಬ್ರೇ! ಬರ್ದಿರೋದಕ್ಕಿಂತ ಹೆಚ್ಚು ತುಂಬ್ಬಾರ್ದು!"

ಡಬ್ಬಿಯನ್ನ ಎದೆಗವಚಿಕೊಂಡು ಬಸ್ಸು ಹತ್ತಿದ. ಬಸ್ಸು ಕಿಕ್ಕಿರಿದಿತ್ತು. ಕೊನೆಗೆ ಹತ್ತಿದವನು ಗವಿರಂಗನೇ. ಬಾಗಿಲ ಮೇಲೆ ಬರೆದದ್ದು ಕಣ್ಣಿಗೆ ಬಿತ್ತು: ಐವತ್ತೆರಡು ಜನ. ಒಂದೊಂದು ತಲೆಯನ್ನೂ ಮುಟ್ಟಿ ಎಣಿಸಿದ. ಐವತ್ತು, ಐವತ್ತೊಂದು, ಐವತ್ತೆರಡು, ಐವತ್ತ್‌ಮೂರು!

"ನಿಲ್ಸೀ! ನಿಲ್ಸೀ! ಬಸ್ಸು ಸಿಡೀತದೆ!"

ಡ್ರೈವರು ಗಕ್ಕನೆ ಬ್ರೇಕು ಒತ್ತಿದ. ನಿಂತಿದ್ದವರೆಲ್ಲ ಕೂತವರ ಮೇಲೆ ಬಿದ್ದರು.

"ಏನಯ್ಯಾ ನಿಂದು?" ಅಂತ ಕಂಡಕ್ಟರು ರೇಗಿದ.

"ಬರ್ದಿರೋದಕ್ಕಿಂತ ಒಬ್ರು ಹೆಚ್ಚವ್ರೆ ಕಣಣ್ಣ! ಇಳಿಸ್ಬೇಕು!"

"ಯಾರಯ್ಯಾ ಆ ಐವತ್ತ್‌ಮೂರನೆಯೋನು?"

ಗವಿರಂಗ ಮತ್ತೆ ಎಣಿಸಿದ. ಬೆರಳು ತಿರುಗಿ ಬಂದು ತನ್ನ ಎದೆಯ ಮೇಲೇ ನಿಂತಿತು. "ನಾನೇ ಕಣಣ್ಣ!" ಅಂದ. ಇಳಿದ. ಒಂಬತ್ತು ಮೈಲಿ ನಡೆದ. ಬಸ್ಸು ಸಿಡಿಯದೆ ಮುಂದೆ ಹೋದದ್ದು ನೋಡಿ ಅವನಿಗೆ ಸಮಾಧಾನವಾಯಿತು.

ಊರು ಸೇರಿದಾಗ ದೀಪ ಹಚ್ಚುವ ಹೊತ್ತು. ವಿಷಯ ಕೇಳಿ ಜುಂಜಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ಹಚ್ಚುತ್ತಾ ಬೈದಳು: "ಬಸ್ಸಿನ ಮೇಲಿಂದೆಲ್ಲ ಯಾಕ್ಲಾ ಓದ್ತೀಯ! ಓದೋದು ಬ್ಯಾಡ ಕಣಪ್ಪ. ಬರೀ ಹೊಟ್ಟೆ ನೋಡು. ಹೊಟ್ಟೆ ಊದಿದ್ದು ಕಂಡ್ರೆ ಮೊದ್ಲು ಫ್ಯೂಜು ಕೀಳು. ಐದು ನಿಮಿಷ ಯಾರ್ನೂ ಮುಟ್ಟಕ್ ಬಿಡ್ಬ್ಯಾಡ. ಆಮ್ಯಾಕೆ ಬಲ್ಬು ಹಚ್ಚಿ ನೋಡು. ಅಷ್ಟೇ!"

"ಹೊಟ್ಟೆ ಊದಿದ್ರೆ ಫ್ಯೂಜು, ಐದು ನಿಮಿಷ, ಬಲ್ಬು," ಅಂತ ಬಾಯಿಪಾಠ ಮಾಡುತ್ತಲೇ ನಿದ್ದೆ ಹೋದ.

ಶನಿವಾರ ಹೊತ್ತು ಹುಟ್ಟುತ್ತಲೇ ಜುಂಜಮ್ಮ ಹೊಸ ಡಬ್ಬಿ ಬಿಗಿದಳು. ಸ್ವಿಚ್ ಒತ್ತಿದಳು. ಗುಂಯ್! ತಿರುಗಲಿಲ್ಲ. ತಲೆ ಎತ್ತಿ ನೋಡಿದರೆ ಮಿಲ್ಲಿನ ದೀಪ ಕೆಂಡದ ಹಾಗೆ ಕೆಂಪಗೆ ಉರಿಯುತ್ತಿತ್ತು. ಸುತ್ತ ತೋಟದ ಪಂಪುಗಳೆಲ್ಲ ಓಡುತ್ತಿವೆ, ವೋಲ್ಟೇಜೇ ಇಲ್ಲ! ತಟ್ಟನೆ ಸ್ವಿಚ್ ತೆಗೆದಳು.

"ಡಬ್ಬಿ ಕೆಟ್ಟಿಲ್ಲ ಮಗಾ. ವೋಲ್ಟೇಜು ಅರ್ಧ ಆದ್ರೆ ಡಬ್ಬಿ ಅರ್ಧಾನೇ ತುಂಬ್ತದೆ, ಮೋಟಾರ್ನ ನೂಕೋ ಬಲ ಕಾಲುಭಾಗಕ್ಕೆ ಇಳೀತದೆ. ಸುಮ್ನೆ ಒತ್ತುದ್ರೆ ಮೋಟಾರೇ ಸುಟ್ಟೋಗ್ತದೆ. ನಾನು ರಾಗಿ ಕೇರಿ ಮುಗುಸ್ಬೇಕು. ನೀನು ಈ ದೀಪದಿಂದ ಕಣ್ಣು ತೆಗೀಬ್ಯಾಡ. ಹಾಲಿನಂಗೆ ಬೆಳ್ಳಗೆ ಉರುದಾಗ ಸ್ವಿಚ್ ಒತ್ತು. ಅದಕ್ ಮುಂಚೆ ಒತ್ಬ್ಯಾಡ, ಅದರ್ ಮ್ಯಾಕೆ ತಡ ಮಾಡ್ಬ್ಯಾಡ!"

"ಹೇಳ್ದಂಗೇ ಮಾಡ್ತೀನಿ ಕಣವ್ವ!"

ಕೂತ. ದೀಪ ನೋಡಿದ. ಊಟಕ್ಕೆ ಕರೆದರೆ ಏಳಲಿಲ್ಲ. ನೊಣ ಮೂಗಿನ ಮೇಲೆ ಕೂತರೆ ಕೈ ಎತ್ತಲಿಲ್ಲ. ಹೊನ್ನಗಂಗಯ್ಯ ಬಂದು, "ಒತ್ತಯ್ಯಾ, ಹೊತ್ತಾಯ್ತು! ಇಲ್ಲದಿದ್ರೆ ಮೂಟೆ ಎತ್ತಿಸ್ತೀನಿ!" ಅಂತ ಕೂಗಾಡಿದ. ನಾನೋ ನೀವೋ ಆಗಿದ್ದರೆ ಒತ್ತಿ ಮೋಟಾರು ಸುಡುತ್ತಿದ್ದೆವು. ಗವಿರಂಗ ಒತ್ತಲಿಲ್ಲ. "ಇನ್ನೂ ಕೆಂಪಗೈತೆ," ಅಂದ, ಅಷ್ಟೇ.

ಹೊತ್ತು ನೆತ್ತಿಯಿಂದ ಇಳಿಯಿತು. ಪಂಪುಗಳು ನಿಂತವು. ದೀಪ ಹಳದಿಯಾಯಿತು, ಹಾಲಿನಂತಾಯಿತು. ಗವಿರಂಗ ಸ್ವಿಚ್ ಒತ್ತಿದ. ಗುಂಯ್... ಗಿರ್ರ್ರ್! ಬೆಲ್ಟು ಓಡಿತು, ಕಲ್ಲು ತಿರುಗಿತು, ಹಿಟ್ಟು ಬಿಸಿಬಿಸಿಯಾಗಿ ಸುರಿಯಿತು. ಸಂಜೆಗೆ ಮೂರು ಮೂಟೆ ಹಿಟ್ಟು ಹೊನ್ನಗಂಗಯ್ಯನ ಮನೆ ಸೇರಿತು. ಜುಂಜಮ್ಮ ಹಿಟ್ಟು ಮೆತ್ತಿದ ಕೈಯಿಂದಲೇ ಮಗನ ಕೆನ್ನೆ ಸವರಿದಳು. ಹದಿನಾರು ವರ್ಷದಲ್ಲಿ ಅವಳು ಅಷ್ಟು ಖುಷಿಪಟ್ಟದ್ದನ್ನ ಊರು ಕಂಡಿರಲಿಲ್ಲ.

ಕತೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಭಾನುವಾರ ಬೀಗರೂಟ ಇತ್ತಲ್ಲ!

ನಡುಹಗಲು. ಚಪ್ಪರದ ತುಂಬ ಜನ, ಮೇಲೆ ಗಿರಗಿರ ಫ್ಯಾನು, ಕಂಬದಲ್ಲಿ ಮೈಕಿನ ಹಾಡು. ಮೊದಲ ಸಾಲಿನ ಮೊದಲ ಎಲೆ ವರನ ಸೋದರಮಾವ ಈರಕ್ಯಾತಪ್ಪನದು. ಹೊನ್ನಗಂಗಯ್ಯ ಮುಂದೆ ನಿಂತು ಉಪಚಾರ ಮಾಡುತ್ತಿದ್ದ. ಬಲವಂತ ಮಾಡೋದು ಹೆಣ್ಣಿನ ಕಡೆಯವರ ಮರ್ಯಾದೆ, ಬೇಡ ಅನ್ನೋದು ಬೀಗರ ಮರ್ಯಾದೆ. ಈರಕ್ಯಾತಪ್ಪ ಬೇಡ ಬೇಡ ಅನ್ನುತ್ತಲೇ ಐದು ಮುದ್ದೆ ಮುಗಿಸಿದ್ದ. ಆರನೆಯದಕ್ಕೆ ಬಾಯಲ್ಲಿ ನೀರು, ಆದರೆ ಇನ್ನು ತಗೊಂಡರೆ ಜನ ಏನಂದಾರು? "ಸಾಕು ಬೀಗ್ರೇ, ಹೊಟ್ಟೆ ಊದ್ಕಂಡೈತೆ!" ಅಂತ ಹೊಟ್ಟೆ ಸವರಿಕೊಂಡ.

ನೀರು ಬಡಿಸುತ್ತಿದ್ದ ಗವಿರಂಗ ತಿರುಗಿ ನೋಡಿದ. ಹೊಟ್ಟೆ ನೋಡಿದ. ಊದಿದೆ!

ಚೊಂಬು ಎಸೆದ. ಓಡಿದ. ಕಂಬದಿಂದ ಫ್ಯೂಜು ಕಿತ್ತ. ಫ್ಯಾನು ನಿಂತಿತು, ಹಾಡು ನಿಂತಿತು. "ಯಾರೂ ಮುಟ್ಬ್ಯಾಡಿ! ಮಾವಯ್ಯನ ಹೊಟ್ಟೆ ಊದೈತೆ! ಐದು ನಿಮಿಷ!" ಅಂತ ಕೂಗಿ ಎರಡೂ ಕೈ ಅಗಲಿಸಿ ಎಲೆಯ ಮುಂದೆ ನಿಂತ.

ಇಡೀ ಚಪ್ಪರ ಬಾಯಿ ಬಿಟ್ಟುಕೊಂಡು ಈರಕ್ಯಾತಪ್ಪನ ಹೊಟ್ಟೆಯನ್ನೇ ನೋಡಿತು. ಹೊನ್ನಗಂಗಯ್ಯನ ಮುಖ ಕಪ್ಪಿಟ್ಟಿತು. "ಜುಂಜಮ್ಮ! ಬೀಗರ ಮುಂದೆ ನನ್ ಮರ್ಯಾದೆ ಕಳುದ್ಯಲ್ಲ! ನಾಳೆಯಿಂದ ನಿನ್ ಮಿಲ್ಲಿಗೆ ಒಂದ್ ಕಾಳು ಬಂದ್ರೆ ಕೇಳು!"

ಜುಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕುಸಿದು ಕೂತಳು. ನಾಲ್ಕು ದಿನ ಒದ್ದಾಡಿ ಉಳಿಸಿಕೊಂಡ ಮಿಲ್ಲು ಕಣ್ಣೆದುರೇ ಕೈಬಿಟ್ಟು ಹೋಗುತ್ತಿತ್ತು.

ಐದು ನಿಮಿಷ ಆಯಿತು. ಗವಿರಂಗ ಉಡಿದಾರದಿಂದ ಬಲ್ಬು ಬಿಚ್ಚಿದ. ಒಂದು ತಂತಿ ಮಾವಯ್ಯನ ಎಡಪಕ್ಕೆಗೆ ಹಚ್ಚಿದ, ಇನ್ನೊಂದು ಬಲಪಕ್ಕೆಗೆ. ಬಗ್ಗಿ ಬಲ್ಬು ನೋಡಿದ. ಇನ್ನೊಂದು ಸಲ ಒತ್ತಿ ಹಚ್ಚಿ ನೋಡಿದ. ಆಮೇಲೆ ಇಡೀ ಊರಿಗೆ ಕೇಳುವ ಹಾಗೆ ಕೂಗಿದ:

"ಬಲ್ಬು ಉರೀಲಿಲ್ಲ ಕಣವ್ವೋ! ಮಾವಯ್ಯ ಖಾಲಿ ಅವ್ನೆ! ಹೊಟ್ಟೇಲಿ ಏನೂ ಇಲ್ಲ!"

ಈರಕ್ಯಾತಪ್ಪ ಬಲ್ಬು ನೋಡಿದ, ತನ್ನ ಖಾಲಿ ಎಲೆ ನೋಡಿದ, ಬಡಿಸುವವನ ಕೈಯ ಬುಟ್ಟಿ ನೋಡಿದ. "ಬಲ್ಬೇ ಹೇಳಿದ ಮೇಲೆ ನಾನೇನ್ ಹೇಳ್ಲಿ ಬೀಗ್ರೇ?" ಅಂದ. "ಹಾಕ್ಸಿ ಎರಡು! ಇಂಥ ನಯವಾದ ಹಿಟ್ಟು ನಮ್ಮೂರಲ್ಲಿ ಯಾವ ಮಿಲ್ಲೂ ಮಾಡಲ್ಲ!"

ಚಪ್ಪರವೇ ಹಾರಿಹೋಗುವ ಹಾಗೆ ಜನ ನಕ್ಕರು. ಹೊನ್ನಗಂಗಯ್ಯನೂ ನಕ್ಕ. ಕಣ್ಣೊರೆಸಿಕೊಂಡು, "ಬರೋ ವಾರದ ರಾಗೀನೂ ನಿಂಗೇ ಕಳಿಸ್ತೀನಿ ಕಣವ್ವ, ಏಳು!" ಅಂದ. ಜುಂಜಮ್ಮ ಎದ್ದಳು. ಎದ್ದವಳೇ ಮೊರ ಹುಡುಕಿದಳು.

ಅಷ್ಟರಲ್ಲಿ ಈರಕ್ಯಾತಪ್ಪ ಆ ಎರಡನ್ನೂ ಮುಗಿಸಿ ಬೆರಳು ನೆಕ್ಕಿದ. ಗವಿರಂಗನನ್ನ ಹತ್ತಿರ ಕರೆದು, ಅಂಗಿ ಮೇಲೆತ್ತಿ ಹೊಟ್ಟೆ ಮುಂದೆ ಮಾಡಿ ಹೇಳಿದ:

"ಇನ್ನೊಂದ್ ಸಲ ಬಲ್ಬು ಹಚ್ಚಿ ನೋಡಪ್ಪ."