ಬಲಕ್ಕೇ ತಿರುಗುವ ಗಾಡಿ

ಕಂಚಿನಕೋಟೆ ಅಂತ ಒಂದು ರಾಜ್ಯ. ಎಲ್ಲಿತ್ತು ಅಂತ ಕೇಳಬೇಡಿ ಮಕ್ಕಳೇ, ಹುಡುಕಿಕೊಂಡು ಹೋದರೆ ಊಟಕ್ಕೆ ತಡವಾಗುತ್ತದೆ. ಅಲ್ಲಿಯ ಅರಸ ಮಲ್ಲಭೂಪ. ಅವನಿಗೆ ಕುದುರೆಗಾಡಿ ಎಂದರೆ ಪ್ರಾಣ.

ಅರಮನೆಯ ಮುಂದೆ ದುಂಡನೆಯ ಮೈದಾನ. ನಡುವೆ ಅರಸನ ತಾತ ನೆಟ್ಟ ಅರಳಿಮರ. ಮರಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ, ಗಾಡಿಗಳು ಬಲಕ್ಕೇ ತಿರುಗುತ್ತ ಒಂದು ಸುತ್ತು ಬರಬೇಕು. ಹೊರಟ ಕ್ಷಣಕ್ಕೆ ಹಂಡೆಯ ನೀರಿನಲ್ಲಿ ತೂತಿನ ಬಟ್ಟಲೊಂದನ್ನು ತೇಲಿಬಿಡುತ್ತಿದ್ದರು. ಅದು ಮುಳುಗುವ ಮುಂಚೆ ಬಂದರೆ ಒಳ್ಳೇ ಗಾಡಿ, ಮುಳುಗಿದ ಮೇಲೆ ಬಂದರೆ ಕೆಟ್ಟ ಗಾಡಿ. ರಾಜ್ಯಕ್ಕೆಲ್ಲ ಅದೇ ಅಳತೆ. ಹೆಣ್ಣು ಕೊಡುವವರು ಕೂಡ ಹುಡುಗನ ಗುಣ ಕೇಳುವ ಮೊದಲು ಅವನ ಗಾಡಿಯ ಸುತ್ತು ಕೇಳುತ್ತಿದ್ದರು!

ಆ ಊರಿನಲ್ಲಿ ಚೌಡಜ್ಜ ಎಂಬ ಗಾಡಿಯವನಿದ್ದ. ಅವನ ಹೆಣ್ಣುಕುದುರೆ ಕೆಂಚಿ. ಅರಸನ ಮಗಳು ನೀಲಾಂಬೆ ಕೂಸಾಗಿದ್ದಾಗ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿರಲಿಲ್ಲ. ಚೌಡಜ್ಜನ ಗಾಡಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ ಮಲಗಿಸಿದರೆ ಮಾತ್ರ ಕಣ್ಣು ಮುಚ್ಚುತ್ತಿದ್ದಳು. ಅದನ್ನು ಅಜ್ಜ ಮರೆತಿರಲಿಲ್ಲ.

ಈಗ ಆ ನೀಲಾಂಬೆ ಏಳು ತಿಂಗಳ ಬಸುರಿ. ಹೆರಿಗೆಗೆ ಗಂಡನ ಮನೆಯಿಂದ ತವರಿಗೆ ಬರಬೇಕು. "ಯಾರ ಗಾಡಿ ಬೇಗ ಸುತ್ತುತ್ತದೋ ಅದರಲ್ಲೇ ನನ್ನ ಮಗಳು ಬರಲಿ" ಎಂದು ಅರಸ ಡಂಗುರ ಹೊಡೆಸಿದ. ಚೌಡಜ್ಜನೂ ಕೆಂಚಿಯನ್ನು ಗಾಡಿಗೆ ಹೂಡಿದ.

ಮೂರು ದಿನ ಪಂದ್ಯ. ಮೂರು ದಿನವೂ ಗಾಡಿ ವ್ಯಾಪಾರಿ ಸಂಪಂಗಿಯ ಗಾಡಿ ಬಟ್ಟಲು ಅರ್ಧ ಮುಳುಗುವಷ್ಟರಲ್ಲಿ ಬಂತು. ಮೂರು ದಿನವೂ ಚೌಡಜ್ಜ ಬಂದಾಗ ಬಟ್ಟಲು ಹಂಡೆಯ ತಳದಲ್ಲಿತ್ತು.

"ಅಜ್ಜೋ, ಬಟ್ಟಲಿನ ಜೊತೆ ನೀನೂ ಮಲಗಿಬಿಟ್ಯಾ?" ಎಂದು ಸಂಪಂಗಿ ನಕ್ಕ.

ಲಾಯಕ್ಕೆ ಬಂದ ಮೇಲೆ ಕೆಂಚಿ ಅಜ್ಜನ ಹೆಗಲಿಗೆ ಮೂತಿ ಒರಗಿಸಿ ಹೇಳಿತು:

"ಅಜ್ಜ, ಆ ಸಂಪಂಗಿಯ ಗಾಡಿಯ ಎಡಗಡೆ ಚಕ್ರ ಬಲಗಡೆಗಿಂತ ದೊಡ್ಡದು, ನೋಡಿದೆಯಾ? ತಾನಾಗಿಯೇ ಬಲಕ್ಕೆ ಹೊರಳಲಿ ಅಂತ ಮಾಡಿಸಿದ್ದಾನೆ. ಭಾರ ಆಗುತ್ತೆ ಅಂತ ಮೆತ್ತೆ ಕಿತ್ತುಹಾಕಿದ್ದಾನೆ. ಆ ಕುದುರೆ ನನ್ನ ಹತ್ತಿರ ಅತ್ತಿತು. ಹುಟ್ಟಿದಾಗಿನಿಂದ ಒಂದು ಸಲವೂ ಎಡಕ್ಕೆ ತಿರುಗಿಲ್ಲವಂತೆ."

ಅಜ್ಜ ಕೆಂಚಿಯ ಕತ್ತು ನೇವರಿಸಿದ. ಸೀದಾ ಅರಸನ ಮುಂದೆ ಹೋಗಿ ಕೈಮುಗಿದ.

"ಬುದ್ಧಿ, ನಮ್ಮ ಅಮ್ಮಣ್ಣಿಯವರು ಬರೋದು ಮೈದಾನ ಸುತ್ತೋಕೋ, ತವರಿಗೋ?"

"ತವರಿಗೆ ಕಣಯ್ಯ. ಇದೇನು ಪ್ರಶ್ನೆ?"

"ಹಂಗಾದ್ರೆ ದಾರೀನೇ ಕೇಳೋಣ. ಅವರ ಜಾಗದಲ್ಲಿ ತಾವು ಕೂತ್ಕೊಳ್ಳಿ. ಮಡಿಲಲ್ಲಿ ಒಂದು ತಂಬಿಗೆ ತುಂಬ ಬಿಸಿಹಾಲು ಇಟ್ಕೊಳ್ಳಿ. ಅವರು ಬರೋ ದಾರೀಲೇ ಹೊಳೆದಂಡೆವರೆಗೆ ಹೋಗೋಣ."

"ಅಜ್ಜನ ಗಾಡಿ ಹೊಳೆ ಮುಟ್ಟೋ ಹೊತ್ತಿಗೆ ಹಾಲು ಮೊಸರಾಗಿರುತ್ತೆ!" ಎಂದ ಸಂಪಂಗಿ. ಸಭೆಯೆಲ್ಲ ನಕ್ಕಿತು. ಅರಸನೂ ನಗುತ್ತಲೇ ಹಾಲಿನ ತಂಬಿಗೆ ಹಿಡಿದು ಸಂಪಂಗಿಯ ಗಾಡಿ ಹತ್ತಿದ. ಚೌಡಜ್ಜ ಇನ್ನೊಂದು ತಂಬಿಗೆ ಹಾಲು ಇಟ್ಟುಕೊಂಡು ನಿಧಾನವಾಗಿ ಹಿಂದೆ ಹೊರಟ.

ಮೊದಲು ಒಂದು ಕಲ್ಲು. ಹಾಲು ಎಗರಿ ಅರಸನ ಮೀಸೆಗೆ ಬಿತ್ತು. ಆಮೇಲೆ ಒಂದು ಗುಂಡಿ. ಕಿರೀಟ ಹಾರಿ ಬೇಲಿಗೆ ಸಿಕ್ಕಿಕೊಂಡಿತು. ಮೂರನೆಯದಾಗಿ ಹುಣಸೆಮರದ ಹತ್ತಿರ ದಾರಿ ಎಡಕ್ಕೆ ತಿರುಗುತ್ತಿತ್ತು. ಕುದುರೆ ಬಲಕ್ಕೆ ತಿರುಗಿತು! ಹುಣಸೆಮರಕ್ಕೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು.

"ಎಡಕ್ಕೆ ಹೊಡೆಯೋ!" ಎಂದು ಅರಸ ಅರಚಿದ.

"ಹೊಡೀತಾನೇ ಇದೀನಿ ಮಹಾಪ್ರಭು, ಅದಕ್ಕೆ ಎಡ ಅನ್ನೋದೇ ಗೊತ್ತಿಲ್ಲ! ಮೈದಾನಕ್ಕೆ ಅಂತಲೇ ಮಾಡಿಸಿದ ಗಾಡಿ ಇದು!"

ಅಂದಮೇಲೆ ಸಂಪಂಗಿ ನಾಲಿಗೆ ಕಚ್ಚಿಕೊಂಡ. ಕಚ್ಚಿಕೊಂಡು ಏನು ಬಂತು? ಗುಟ್ಟು ಬಾಯಿಂದ ಹೊರಬಿದ್ದಾಗಿತ್ತು.

ಅರಸ ಸೊಂಟ ಹಿಡಿದುಕೊಂಡು ಇಳಿದು ಚೌಡಜ್ಜನ ಗಾಡಿಗೆ ಏರಿ, ಅಲ್ಲಿದ್ದ ಹಾಲಿನ ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡ. ಕಲ್ಲು ಕಂಡರೆ ಕೆಂಚಿ ಬಳಸಿಕೊಂಡು ಹೋಯಿತು. ಗುಂಡಿ ಬಂದರೆ ಹೆಜ್ಜೆ ತಡೆದು ಇಳಿಯಿತು. ದಾರಿ ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ಹೊಳೆದಂಡೆಯಲ್ಲಿ ಅಜ್ಜ ತಿರುಗಿ ನೋಡುತ್ತಾನೆ, ಅರಸ ಮೆತ್ತೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಾನೆ! ಮಡಿಲಿನ ಹಾಲು ತುಳುಕಿರಲಿಲ್ಲ. ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು.

ಎಚ್ಚರವಾದ ಅರಸ ಆ ಕೆನೆಯನ್ನು ನೋಡಿದ. "ನನ್ನ ಮಗಳನ್ನು ಆ ಗಾಡಿಯಲ್ಲಿ ಕೂರಿಸುತ್ತಿದ್ದೆನಲ್ಲಪ್ಪಾ" ಎಂದ. "ಆ ಬಟ್ಟಲನ್ನು ಹೊಳೆಗೆ ಎಸೆದುಬಿಡಲಾ ಅಜ್ಜ?"

"ಬ್ಯಾಡಿ ಬುದ್ಧಿ. ಅದು ಸುಳ್ಳು ಹೇಳಿಲ್ಲ. ಮೈದಾನದಲ್ಲಿ ಯಾರು ಬೇಗ ಅಂತ ಕೇಳಿದ್ರಿ, ಅಷ್ಟಕ್ಕೇ ಉತ್ತರ ಕೊಡ್ತು. ಹಬ್ಬದ ಪಂದ್ಯಕ್ಕೆ ಇರಲಿ."

ಸಂಪಂಗಿಗೆ ಶಿಕ್ಷೆ ಏನು ಗೊತ್ತೇ? ಹೀಗೇ ಮಾಡಿಸಿ ಮಾರಿದ ಗಾಡಿಗಳಿಗೆಲ್ಲ ಸರಿಯಾದ ಚಕ್ರ ಹಾಕಿಕೊಡಬೇಕು. ಆ ಕುದುರೆ ಎಡಕ್ಕೆ ತಿರುಗುವುದನ್ನು ಕಲಿಯುವ ತನಕ ಚಾವಟಿ ಮುಟ್ಟದೆ ಅದರ ಪಕ್ಕದಲ್ಲೇ ನಡೆಯಬೇಕು. ಕಲಿಸಿದ್ದು ಕೆಂಚಿ ಅನ್ನಿ. ಸಂಪಂಗಿ ಬರೀ ನಡೆದ.

ನೀಲಾಂಬೆಯನ್ನು ಕರೆತರಲು ಚೌಡಜ್ಜನೇ ಹೋದ. ಅವಳು ಮೆತ್ತೆ ಸವರಿ, "ಅಜ್ಜ, ಇನ್ನೂ ಅದೇ ಗಾಡೀನಾ?" ಎಂದಳು.

"ಅದೇ ಗಾಡಿ ಕಣವ್ವಾ. ಹುಲ್ಲು ಮಾತ್ರ ಹೊಸದು."

ಊರ ಗಡಿ ದಾಟುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಕೆಂಚಿ ಇನ್ನೂ ಸ್ವಲ್ಪ ನಿಧಾನ ಮಾಡಿತು.

ನೀತಿ ಇಷ್ಟೇ ಮಕ್ಕಳೇ: ಮೈದಾನದ ಓಟ ಮೈದಾನದ ಮಾತನ್ನಷ್ಟೇ ಹೇಳುತ್ತದೆ. ದಾರಿಯಲ್ಲಿ ಓಡಬೇಕಾದದ್ದನ್ನು ದಾರಿಯಲ್ಲೇ ಅಳೆಯಬೇಕು, ಒಳಗೆ ಯಾರು ಕೂರುತ್ತಾರೆ ಅನ್ನುವುದನ್ನು ನೆನೆದು ಅಳೆಯಬೇಕು. ಏಳಿ ಈಗ, ಹಾಲು ಆರುತ್ತಿದೆ, ಕೆನೆ ಯಾರಿಗೆ ಅಂತ ಜಗಳವಾಡಬೇಡಿ.