ಮೆಣಸಿನಕಾಯಿಯ ನಂತರದ ಟೋಕನ್

"ಗುರುಗಳೇ, ಆ್ಯಪ್ ಹಾಕಿಸಿಕೊಂಡರೆ ಸಣ್ಣ ವ್ಯಾಪಾರವೂ ಚುರುಕಾಗುತ್ತದೆ ಎನ್ನುತ್ತಾರೆ. ನಿಜವೇ?" ಎಂದು ಶಿಷ್ಯನೊಬ್ಬ ಕೇಳಿದ.

ಚುರುಕಾಗುತ್ತದೆ, ಅದರಲ್ಲಿ ಅನುಮಾನವಿಲ್ಲ ಎಂದ ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಅವನಲ್ಲಿದ್ದದ್ದು ಒಂದೇ ಯಂತ್ರ. ಗೋಧಿ, ರಾಗಿ, ಅಕ್ಕಿ, ಮೆಣಸಿನಕಾಯಿ ಎಲ್ಲವನ್ನೂ ಅದರಲ್ಲೇ ಬೀಸಬೇಕು. ಹೆಂಗಸರು ಡಬ್ಬಗಳನ್ನು ಸಾಲಾಗಿ ಇಟ್ಟು ಕಾಯುತ್ತಿದ್ದರು. ಆದರೆ ಮೊದಲು ಬಂದವರದು ಮೊದಲು ಎಂಬ ನಿಯಮವಿರಲಿಲ್ಲ. ರಾಗಿಯವರೆಲ್ಲ ಒಟ್ಟಿಗೆ, ಗೋಧಿಯವರೆಲ್ಲ ಒಟ್ಟಿಗೆ, ಮೆಣಸಿನಕಾಯಿ ಎಲ್ಲಕ್ಕಿಂತ ಕೊನೆಗೆ. ಅದನ್ನು ಹೆಂಗಸರೇ ಜಗಳವಾಡಿ ತೀರ್ಮಾನಿಸುತ್ತಿದ್ದರು. ಬೇಗ ಬಂದ ಮೆಣಸಿನಕಾಯಿಯವಳು, ನಿಮ್ಮ ಮನೆ ರೊಟ್ಟಿಗೆ ಒಂದಿಷ್ಟು ಖಾರ ಬಿದ್ದರೆ ಒಳ್ಳೆಯದೇ ಎಂದು ಗೊಣಗುತ್ತಲೇ ಡಬ್ಬವನ್ನು ಹಿಂದಕ್ಕೆ ಸರಿಸುತ್ತಿದ್ದಳು.

ಆ್ಯಪ್ ಮಾರುವವನೊಬ್ಬ ಬಂದ. ಈ ಕಾಯುವುದು, ಈ ಜಗಳ, ಎಲ್ಲ ಬರೀ ದಂಡ ಎಂದು ವಿವರಿಸಿದ. ಇನ್ನು ಮನೆಯಿಂದಲೇ ಟೋಕನ್. ಪ್ರತಿ ಟೋಕನ್‌ಗೂ ಒಂದು ಸಮಯ. ತಡವಾದರೆ ಗಿರಣಿಗೆ ಒಂದು ಸ್ಟಾರ್ ಕಡಿಮೆ. ಗಿರಣಿಯವನು ಒಪ್ಪಿದ. ಸಾಲು ಮಾಯವಾಯಿತು. ಕಾಯುವವರ ಬೆಂಚನ್ನೂ ತೆಗೆಸಿದ. ಹೆಂಗಸರು ಡಬ್ಬ ಇಟ್ಟು ಹೋಗುತ್ತಿದ್ದರು, ಆಮೇಲೆ ಬಂದು ಹಿಟ್ಟು ಒಯ್ಯುತ್ತಿದ್ದರು. ತನಗಿಂತ ಮೊದಲು ಏನು ಬೀಸಿದರು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಒಂದು ದಿನ ಮೆಣಸಿನಕಾಯಿಯ ನಂತರದ ಟೋಕನ್ ಎಳೆಮಗುವಿನ ತಾಯಿಯೊಬ್ಬಳಿಗೆ ಬಿತ್ತು. ಅವಳ ಡಬ್ಬದಲ್ಲಿದ್ದದ್ದು ಮಗುವಿಗೆ ಉಣಿಸುವ ಸರಿ ಹಿಟ್ಟಿಗೆಂದು ಮೊಳಕೆ ಕಟ್ಟಿ ಒಣಗಿಸಿದ ರಾಗಿ. ಗಿರಣಿಯವನು ಬೀಸಿಟ್ಟ. ಅವಳು ಒಯ್ದಳು.

ಮರುದಿನ ಅವಳು ಆಸ್ಪತ್ರೆಯಿಂದ ನೇರವಾಗಿ ಗಿರಣಿಗೆ ಬಂದಳು. ಕಂಕುಳಲ್ಲಿದ್ದ ಮಗುವಿನ ತುಟಿ ಊದಿತ್ತು.

"ಅಣ್ಣಾ, ರಾಗಿ ಸುರಿಯುವಾಗ ನಿಮಗೆ ಘಾಟು ಬರಲಿಲ್ಲವಾ?"

"ಬಂತಮ್ಮ. ಯಂತ್ರ ನಿಲ್ಲಿಸಿ ಕಲ್ಲು ಒರೆಸೋಣ ಅಂದುಕೊಂಡೆ. ಅಷ್ಟರಲ್ಲಿ ನಿನ್ನ ಟೈಮ್ ಆಗಿಬಿಟ್ಟಿತ್ತು."

ಅವಳು ಮತ್ತೆ ಆ ಗಿರಣಿಗೆ ಬರಲಿಲ್ಲ. ಅವಳ ಬೀದಿಯವರೂ ಬರಲಿಲ್ಲ. ಆ್ಯಪಿನಲ್ಲಿ ಮಾತ್ರ ಅವಳ ಟೋಕನ್ನಿನ ಎದುರು, ಸಮಯಕ್ಕೆ ಸರಿಯಾಗಿ ಮುಗಿದಿದೆ ಎಂದು ಹಸಿರು ಬಣ್ಣದಲ್ಲಿತ್ತು.

ಶಿಷ್ಯ ಹೇಳಿದ:

"ಇದು ಸಣ್ಣ ದೋಷ, ಗುರುಗಳೇ. ಡಬ್ಬದಲ್ಲಿ ಏನಿದೆ ಎಂದು ಆ್ಯಪ್ ಮೊದಲೇ ಕೇಳಿದ್ದರೆ ಸಾಕಿತ್ತು."

ಗುರುಗಳು ಹೇಳಿದರು: "ಅದನ್ನೂ ಸೇರಿಸಿದರು. ಈಗ ಗಿರಣಿಯವನು ಆ್ಯಪ್ ನೋಡಿಯೇ ಸುರಿಯುತ್ತಾನೆ, ಅವನಿಗೆ ಘಾಟೇ ಬರುವುದಿಲ್ಲ."